ಬೆಣ್ಣೆ ಚಾವಡಿ, ಅಮೃತ ಮಹಲ್: ಹುಣಸೂರು ಸೀಮೆಯ ಮರೆತ ಪರಂಪರೆ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಹೊರಟ ಒಂದು ಗಂಟೆಯೊಳಗೆ ಹುಣಸೂರು ಬರುತ್ತದೆ. ಬಸ್ಸು ನಿಲ್ಲುತ್ತದೆ, ಕಡಲೆಕಾಯಿ ಮಾರುವವರು ಹತ್ತುತ್ತಾರೆ, ನಾಲ್ಕು ಜನ ಇಳಿದು ಚಹಾ ಕುಡಿಯುತ್ತಾರೆ, ಬಸ್ಸು ಲಕ್ಷ್ಮಣತೀರ್ಥ ಹೊಳೆಯನ್ನು ದಾಟಿ ಮುಂದೆ ಹೋಗುತ್ತದೆ. ನಮ್ಮಲ್ಲಿ ಬಹುಪಾಲು ಜನ ಈ ಊರನ್ನು ನೋಡಿರುವುದು ಬಸ್ಸಿನ ಕಿಟಕಿಯಿಂದಲೇ. ಮೈಸೂರಿಗೆ ಅರಮನೆಯಿದೆ, ಶ್ರೀರಂಗಪಟ್ಟಣಕ್ಕೆ ಕೋಟೆಯಿದೆ, ಬೈಲಕುಪ್ಪೆಗೆ ಟಿಬೆಟನ್ನರ ಚಿನ್ನದ ಬಣ್ಣದ ಬುದ್ಧನಿದ್ದಾನೆ. ಹುಣಸೂರಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನಾವು ಸ್ವಲ್ಪ ಹೊತ್ತು ಯೋಚಿಸುತ್ತೇವೆ. ಕೊನೆಗೆ ಹೊಗೆಸೊಪ್ಪು ಎನ್ನುತ್ತೇವೆ, ಇಲ್ಲವೇ ದೇವರಾಜ ಅರಸು ಎನ್ನುತ್ತೇವೆ.

ಎರಡೂ ಸರಿಯಾದ ಉತ್ತರಗಳೇ. ಆದರೆ ಇವೆರಡಕ್ಕೂ ಮೊದಲು ಸುಮಾರು ಒಂದು ಶತಮಾನ ಕಾಲ ಹುಣಸೂರಿನ ಹೆಸರು ದಕ್ಷಿಣ ಭಾರತದ ಸೇನಾ ಠಾಣ್ಯಗಳಲ್ಲೆಲ್ಲ ಕೇಳಿಬರುತ್ತಿತ್ತು. ಆ ಹೆಸರನ್ನು ತಂದುಕೊಟ್ಟದ್ದು ಯಾವ ಅರಮನೆಯೂ ಅಲ್ಲ, ಗುಡಿಗೋಪುರವೂ ಅಲ್ಲ. ಎತ್ತು, ಗಾಡಿ, ಕಂಬಳಿ ಮತ್ತು ಚರ್ಮ. ಈ ನಾಲ್ಕರ ಹಿಂದಿದ್ದ ಕೈಗಳ ಚರಿತ್ರೆಯನ್ನು ನಾವು ಮರೆತಿದ್ದೇವೆ. ಇವತ್ತು ಮೈಸೂರು ಸೀಮೆಯ ಇತಿಹಾಸವನ್ನು ಒಡೆಯರ ಪಾಲು, ಟಿಪ್ಪುವಿನ ಪಾಲು ಎಂದು ಹಂಚಿಕೊಳ್ಳುವ ಜಗಳ ನಡೆಯುತ್ತಿರುವಾಗ ಅದನ್ನು ನೆನಪಿಸಿಕೊಳ್ಳುವುದು ಅಗತ್ಯವೆಂದು ನಮಗೆ ತೋರುತ್ತದೆ.

ಹಾಯಿಬಟ್ಟೆಯ ಊರು

ಸಣ್ಣ ಊರಿನ ಪರಂಪರೆ ಎಂದರೇನು ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡಬಹುದು. ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಬ್ರಿಟನಿ ಎಂಬ ಸೀಮೆಯಿದೆ. ಅಲ್ಲಿ ಲೊಕ್ರೊನಾನ್ ಎಂಬ ಪುಟ್ಟ ಊರು. ಆ ಊರಿನಲ್ಲಿ ರಾಜರು ಆಳಲಿಲ್ಲ. ಅಲ್ಲಿನ ಜನ ಸೆಣಬಿನಂಥ ನಾರಿನಿಂದ ಹಡಗಿನ ಹಾಯಿಬಟ್ಟೆ ನೇಯುತ್ತಿದ್ದರು. ಮಗ್ಗಗಳು ಸದ್ದಡಗಿ ಬಹಳ ಕಾಲವಾಯಿತು. ಆದರೂ ನೇಕಾರಿಕೆಯ ಹಣದಿಂದ ಎದ್ದ ಕಲ್ಲಿನ ಮನೆಗಳನ್ನು ಆ ಊರಿನವರು ಉಳಿಸಿಕೊಂಡರು. ಇಂದು ಅಲ್ಲಿಗೆ ಬರುವ ಪ್ರವಾಸಿಗೆ ಅವರು ಹೇಳುವ ಮೊದಲ ಮಾತು, ಇದು ಹಾಯಿಬಟ್ಟೆ ನೇಯುತ್ತಿದ್ದವರ ಊರು ಎಂಬುದು.

ಬ್ರಿಟನಿಗೂ ನಮ್ಮ ಮೈಸೂರಿಗೂ ಒಂದು ಸಣ್ಣ ನಂಟೂ ಇದೆ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಹದಿನಾರನೆಯ ಲೂಯಿಯನ್ನು ಕಾಣಲು ಫ್ರಾನ್ಸಿಗೆ ಹೋಗಿದ್ದರು. ಅವರು ಇಳಿದದ್ದು ತೂಲೋನ್ ಬಂದರಿನಲ್ಲಿ. ಊರಿಗೆ ಮರಳಲು ಹಡಗು ಹತ್ತಿದ್ದು ಬ್ರಿಟನಿಯ ಬ್ರೆಸ್ಟ್ ಬಂದರಿನಲ್ಲಿ. ಟಿಪ್ಪು ಫ್ರಾನ್ಸಿನ ದೊರೆಯಿಂದ ಕೇಳಿದ್ದು ಸೈನ್ಯದ ನೆರವನ್ನು ಮಾತ್ರವಲ್ಲ, ಕುಶಲಕರ್ಮಿಗಳನ್ನು ಮತ್ತು ಗಿಡಗಳ ಬೀಜಗಳನ್ನು ಸಹ. ಸೈನ್ಯದ ನೆರವು ಬರಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು. ರಾಜ್ಯವೊಂದು ನಿಲ್ಲುವುದು ಕತ್ತಿಯ ಬಲದಿಂದಷ್ಟೇ ಅಲ್ಲ, ಕಸುಬಿನ ಬಲದಿಂದ ಎಂಬುದು ಆತನಿಗೆ ಗೊತ್ತಿತ್ತು.

ಹಾಯಿಬಟ್ಟೆ ನೇಯ್ದ ಊರು ತನ್ನ ಕಸುಬನ್ನು ನೆನಪಿಟ್ಟುಕೊಂಡಿತು. ಗಾಡಿ ಕಟ್ಟಿದ ನಮ್ಮ ಊರು ಮರೆಯಿತು.

ದಾರಿ ಕವಲಾಗುವ ಜಾಗ

ಹುಣಸೂರಿನ ಚರಿತ್ರೆ ಅರ್ಥವಾಗಬೇಕಾದರೆ ಅದರ ದಾರಿಗಳನ್ನು ನೋಡಬೇಕು. ಮೈಸೂರಿನಿಂದ ಪಶ್ಚಿಮಕ್ಕೆ ಬರುವ ಹೆದ್ದಾರಿ ಇಲ್ಲಿ ಎರಡಾಗುತ್ತದೆ. ಒಂದು ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಮಡಿಕೇರಿಗೆ ಹೋಗುತ್ತದೆ. ಇನ್ನೊಂದು ಗೋಣಿಕೊಪ್ಪಲು, ವಿರಾಜಪೇಟೆ ಮೂಲಕ ಘಟ್ಟವಿಳಿದು ಕಣ್ಣೂರಿನ ಕಡಲಿಗೆ ಹೋಗುತ್ತದೆ. ದಕ್ಷಿಣಕ್ಕೆ ಹೆಗ್ಗಡದೇವನಕೋಟೆಯ ಕಾಡು. ಉತ್ತರಕ್ಕೆ ಕೃಷ್ಣರಾಜನಗರದ ಭತ್ತದ ಗದ್ದೆಗಳು, ಕಾವೇರಿ ಹೊಳೆ. ಹೀಗೆ ಕಾಡು, ಬಯಲು, ಮಲೆ, ಕಡಲು ಈ ನಾಲ್ಕರ ಸರಕೂ ಬಂದು ಕೂಡುವ ಜಾಗ ಇದು.

ಸರಕು ಬರುವ ದಾರಿಯಲ್ಲಿ ಸೈನ್ಯವೂ ಬರುತ್ತದೆ. ಪಿರಿಯಾಪಟ್ಟಣದಲ್ಲಿ ಚೆಂಗಾಳ್ವ ಅರಸರು ಬಹಳ ಕಾಲ ಆಳಿದರು. 1644ರಲ್ಲಿ ಕಂಠೀರವ ನರಸರಾಜ ಒಡೆಯ ಅವರನ್ನು ಸೋಲಿಸಿ ಆ ಕೋಟೆಯನ್ನು ಮೈಸೂರಿಗೆ ಸೇರಿಸಿಕೊಂಡ. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬೈ ಸೇನೆ ಮಲಬಾರಿನಿಂದ ಕೊಡಗನ್ನು ಹತ್ತಿ ಇದೇ ದಾರಿಯಲ್ಲಿ ಬಂದಾಗ, ಶತ್ರುವಿಗೆ ನೆಲೆ ಸಿಗಬಾರದೆಂದು ಟಿಪ್ಪು ಆ ಕೋಟೆಯನ್ನು ಕೆಡವಿಸಿದ. 1799ರ ಮಾರ್ಚಿನಲ್ಲಿ ಮತ್ತೆ ಅದೇ ದಿಕ್ಕಿನಿಂದ ಬಂದ ಮುಂಬೈ ಸೇನೆಯ ಮೇಲೆ ಪಿರಿಯಾಪಟ್ಟಣಕ್ಕೆ ಹತ್ತಿರದ ಸಿದ್ದೇಶ್ವರ ಗುಡ್ಡದ ಬಳಿ ಟಿಪ್ಪು ಎರಗಿದ. ಆ ಕಾಳಗ ಆತನಿಗೆ ದಕ್ಕಲಿಲ್ಲ. ಎರಡು ತಿಂಗಳೊಳಗೆ ಶ್ರೀರಂಗಪಟ್ಟಣ ಬಿತ್ತು.

ಯುದ್ಧದ ಕತೆಯನ್ನು ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ. ಆದರೆ ಫಿರಂಗಿಯನ್ನು ಎಳೆದವರು ಯಾರು ಎಂಬುದನ್ನು ಕಲಿಸಲಿಲ್ಲ. ರೈಲು, ಲಾರಿಗಳಿಲ್ಲದ ಆ ಕಾಲದಲ್ಲಿ ಮಳೆಗೆ ಕೆಸರಾದ ದಾರಿಯಲ್ಲಿ ಫಿರಂಗಿ, ಮದ್ದು, ಅಕ್ಕಿಮೂಟೆ ಎಲ್ಲವೂ ಮುಂದೆ ಹೋಗಬೇಕಾದರೆ ಎತ್ತು ಬೇಕು. ಸಿಕ್ಕಿದ ಎತ್ತು ಸಾಲದು. ದಿನಕ್ಕೆ ಮೂವತ್ತು ಮೈಲಿ ನಡೆದರೂ ಕುಸಿಯದ ಎತ್ತು ಬೇಕು. ಅಂಥ ತಳಿಯೊಂದು ಮೈಸೂರಿನಲ್ಲಿತ್ತು.

ಬೆಣ್ಣೆ ಚಾವಡಿ

ಆ ತಳಿಯ ಕತೆ ವಿಜಯನಗರದ ಕಾಲದಿಂದ ಶುರುವಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಗಳಾಗಿದ್ದವರು ಹಳ್ಳಿಕಾರ್ ತಳಿಯ ಹಸುಗಳನ್ನು ತರಿಸಿ ಒಂದು ಹಿಂಡು ಕಟ್ಟಿದರು. ರಾಜ ಒಡೆಯ 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಆ ಹಿಂಡು ಮೈಸೂರು ಅರಸರ ಕೈಗೆ ಬಂತು. ನಂತರದ ಒಡೆಯರು ತಂತಮ್ಮ ಕಾಲದಲ್ಲಿ ಹಸುಗಳನ್ನು ಸೇರಿಸುತ್ತ, ಅವು ಮೇಯಲು ಕಾವಲುಗಳನ್ನು ಬಿಡಿಸುತ್ತ ಬಂದರು. ಚಿಕ್ಕದೇವರಾಜ ಒಡೆಯ 1673ರಿಂದ 1704ರವರೆಗೆ ಆಳಿದವನು. ಆಡಳಿತವನ್ನು ಇಲಾಖೆಗಳಾಗಿ ವಿಂಗಡಿಸಿದ ಆತ ಈ ಹಿಂಡಿಗೂ ಒಂದು ಇಲಾಖೆ ಮಾಡಿ ಬೆಣ್ಣೆ ಚಾವಡಿ ಎಂದು ಹೆಸರಿಟ್ಟ. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಅಚ್ಚ ಕನ್ನಡದ ಚೆಂದದ ಹೆಸರು.

ಆ ಹಿಂಡಿಗೆ ಇನ್ನೊಂದು ಕೆಲಸವೂ ಉಂಟು ಎಂದು ಕಂಡುಕೊಂಡವನು ಹೈದರಾಲಿ. ಹಸುವಿನ ಹಾಲು ಅರಮನೆಗೆ, ಹೋರಿಗರು ಫಿರಂಗಿಗೆ. ಬೇರೆ ಬೇರೆ ಪಾಳೇಗಾರರಿಂದ ತನಗೆ ಸಿಕ್ಕಿದ ದನಗಳನ್ನು ಆತ ಇದಕ್ಕೆ ಸೇರಿಸಿ ಬೆಳೆಸಿದ. 1781ರಲ್ಲಿ ಚಿದಂಬರದ ರಕ್ಷಣೆಗೆ ಧಾವಿಸಿದಾಗ ಆತನ ಸೇನೆ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿತು ಎಂದು ಇಂಗ್ಲಿಷರೇ ಬೆರಗಿನಿಂದ ಬರೆದಿಟ್ಟಿದ್ದಾರೆ. ಸೋತ ಕಾಳಗಗಳಲ್ಲಿಯೂ ಹೈದರ್ ತನ್ನ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರೇ ಹಿಂದಕ್ಕೆ ಸಾಗಿಸಿಬಿಡುತ್ತಿದ್ದ. ಅದು ಎತ್ತುಗಳ ಬಲ.

ಟಿಪ್ಪು ಈ ಇಲಾಖೆಗೆ ಒಂದು ಹುಕುಂನಾಮೆ ಹೊರಡಿಸಿದ. ಹಿಂಡುಗಳನ್ನು ಹೇಗೆ ನೋಡಿಕೊಳ್ಳಬೇಕು, ಕರುಗಳನ್ನು ಹೇಗೆ ಸಾಕಬೇಕು ಎಂಬುದಕ್ಕೆಲ್ಲ ನಿಯಮಗಳಾದವು. ಆ ನಿಯಮಗಳಲ್ಲಿ ಹಲವನ್ನು ಮುಂದೆ ಬ್ರಿಟಿಷರೂ ಪಾಲಿಸಿದರು. ಇಲಾಖೆಗೆ ಆತ ಹೊಸ ಹೆಸರನ್ನೂ ಕೊಟ್ಟ: ಅಮೃತ ಮಹಲ್.

ಈ ಹೆಸರನ್ನು ನಾವು ಒಂದು ಕ್ಷಣ ನಿಂತು ನೋಡಬೇಕು. ಅಮೃತ ಸಂಸ್ಕೃತದ ಮಾತು. ಮಹಲ್ ಅರಬ್ಬಿಯ ಮಾತು. ಟಿಪ್ಪು ಪರ್ಷಿಯನ್ನಿನಲ್ಲಿ ಆಡಳಿತ ನಡೆಸಿದವನು, ತಿಂಗಳುಗಳ ಹೆಸರನ್ನೂ ನಾಣ್ಯಗಳ ಹೆಸರನ್ನೂ ಬದಲಾಯಿಸಿದವನು. ಹಸುಗಳ ಇಲಾಖೆಗೆ ಹೆಸರಿಡುವಾಗ ಆತನಿಗೆ ಹೊಳೆದದ್ದು ಅಮೃತ ಎಂಬ ಮಾತು. ಒಂದೇ ನೊಗಕ್ಕೆ ಎರಡು ಊರಿನ ಎತ್ತು ಹೂಡಿದ ಹಾಗೆ ಈ ಎರಡು ಮಾತುಗಳು ಇನ್ನೂರಮೂವತ್ತು ವರ್ಷಗಳಿಂದ ಜೊತೆಯಾಗಿ ನಡೆಯುತ್ತಿವೆ. ಒಂದನ್ನು ಬಿಚ್ಚಿದರೆ ಗಾಡಿ ನಿಲ್ಲುತ್ತದೆ.

ಹುಣಸೂರಿಗೆ ಬಂದ ಹಿಂಡು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಹಿಂಡೂ ಬ್ರಿಟಿಷರ ಕೈಗೆ ಸಿಕ್ಕಿತು. ಮೊದಲು ಅದನ್ನು ಮೈಸೂರು ಅರಸರ ಆಡಳಿತಕ್ಕೇ ಒಪ್ಪಿಸಿದರು. ಹಿಂಡು ಕ್ಷೀಣಿಸತೊಡಗಿತು. ಹೀಗಾಗಿ 1813ರಲ್ಲಿ ಮದರಾಸು ಸೇನೆಯ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆ ಎಂಬವನನ್ನು ಅದರ ಉಸ್ತುವಾರಿಗೆ ನೇಮಿಸಿದರು. ಹುಣಸೂರು ಈ ಇಲಾಖೆಯ ಮುಖ್ಯ ಕೇಂದ್ರವಾಯಿತು.

ಅಮೃತ ಮಹಲಿನ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕುತ್ತಿರಲಿಲ್ಲ. ಅವು ಅರೆಕಾಡು ಪ್ರಾಣಿಗಳಂತೆ ಬಯಲಿನಲ್ಲೇ ಬೆಳೆಯುತ್ತಿದ್ದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು ಎಂದು ಮೂರು ಬಗೆಯ ಹುಲ್ಲುಗಾವಲುಗಳಿದ್ದವು. ಸೇರ್ವೆಗಾರರು ಮತ್ತು ಅವರ ಕೈಕೆಳಗಿನ ದನಗಾಹಿಗಳು ಹಿಂಡನ್ನು ಋತುವಿಗೆ ತಕ್ಕಂತೆ ಅಟ್ಟಿಕೊಂಡು ಹೋಗುತ್ತಿದ್ದರು. ಒಂದು ಕಾಲಕ್ಕೆ ಈ ಕಾವಲುಗಳ ವಿಸ್ತಾರ ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿತ್ತು. ಬೆಳೆದ ಹೋರಿಗಳನ್ನು ಹಿಂಡಿನಿಂದ ಬೇರ್ಪಡಿಸಿ, ಪಳಗಿದ ಎತ್ತಿನ ಜೊತೆಗೆ ಕಟ್ಟಿ ದಾರಿಗೆ ತರುತ್ತಿದ್ದರು. ಏಳು ವರ್ಷಕ್ಕೆ ಎತ್ತಿಗೆ ಪೂರ್ಣ ಬಲ. ಹನ್ನೆರಡರವರೆಗೂ ಅದು ಸೇನೆಯ ದುಡಿಮೆ ಮಾಡಬಲ್ಲದು.

ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ದಖ್ಖನಿನ ಯುದ್ಧಗಳಲ್ಲಿ ತೋರಿದ ವೇಗಕ್ಕೆ ಮೈಸೂರಿನ ಎತ್ತುಗಳೇ ಕಾರಣ ಎಂಬುದು ಸೇನಾಧಿಕಾರಿಗಳ ಒಪ್ಪಿತ ಮಾತಾಗಿತ್ತು. ಟಿಪ್ಪುವಿನ ಫಿರಂಗಿಗಳನ್ನು ಎಳೆದ ಎತ್ತುಗಳ ಸಂತಾನವೇ ಟಿಪ್ಪುವನ್ನು ಕೊಂದವರ ಫಿರಂಗಿಗಳನ್ನೂ ಎಳೆಯಿತು. ಎತ್ತಿಗೆ ದೊರೆ ಯಾರಾದರೇನು.

1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಬ್ರಿಟಿಷರು ಈ ಹಿಂಡನ್ನು ಮಾರಿಬಿಟ್ಟರು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಒಬ್ಬನೆಂದು ಹೇಳುತ್ತಾರೆ. ಮಾರಿದ ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಯಿತು. ಅಂಥ ಎತ್ತು ಬೇರೆಲ್ಲೂ ಸಿಗಲಿಲ್ಲ. 1866ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, ಚದುರಿಹೋಗಿದ್ದ ದನಗಳನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಿದರು. 1882ರ ಹೊತ್ತಿಗೆ ಅದು ಮೈಸೂರು ಸರ್ಕಾರಕ್ಕೆ ಸೇರಿತು. ಒಡೆಯರ ಬೆಣ್ಣೆ ಚಾವಡಿ ಹೈದರ್, ಟಿಪ್ಪು, ಕಂಪನಿಗಳ ಕೈ ದಾಟಿ ಮತ್ತೆ ಒಡೆಯರ ಕೈಗೆ ಬಂತು. ಮರಳಿ ಪಡೆದವರು ಟಿಪ್ಪು ಇಟ್ಟ ಹೆಸರನ್ನು ಅಳಿಸಲಿಲ್ಲ. ಅಮೃತ ಮಹಲ್ ಎಂದೇ ಮುಂದುವರಿಸಿದರು.

ಗಾಡಿ ಕಟ್ಟಿದ ಕೈಗಳು

ಎತ್ತಿದ್ದ ಕಡೆ ಗಾಡಿ ಬೇಕು, ಹಗ್ಗ ಬೇಕು, ಚರ್ಮ ಬೇಕು, ಸೈನಿಕನಿಗೆ ಹೊದೆಯಲು ಕಂಬಳಿ ಬೇಕು. ಮದರಾಸು ಸೇನೆಯ ಸರಬರಾಜು ಇಲಾಖೆ ಹುಣಸೂರಿನಲ್ಲಿ ಒಂದು ಚರ್ಮ ಹದ ಮಾಡುವ ಕಾರ್ಖಾನೆ, ಒಂದು ಕಂಬಳಿ ಕಾರ್ಖಾನೆ ಮತ್ತು ಒಂದು ಮರದ ಅಡ್ಡೆಯನ್ನು ನಡೆಸುತ್ತಿತ್ತು. ಆ ಕಾಲದ ಕಮಿಷನರ್ ಮಾರ್ಕ್ ಕಬ್ಬನ್ ಮೈಸೂರಿಗೆ ಮೆರಿನೊ ಜಾತಿಯ ಕುರಿಗಳನ್ನು ತರಿಸಿ ಉಣ್ಣೆಯ ಗುಣ ಹೆಚ್ಚಿಸಲು ಯತ್ನಿಸಿದ್ದ. ಮರ ಬರುತ್ತಿದ್ದದ್ದು ಸುತ್ತಲಿನ ಕಾಡುಗಳಿಂದ.

1864ರಲ್ಲಿ ಸರ್ಕಾರ ಈ ಕಾರ್ಖಾನೆಗಳನ್ನು ಮುಚ್ಚಿತು. ಸಾಮಾನ್ಯವಾಗಿ ಸರ್ಕಾರಿ ಕಾರ್ಖಾನೆ ಮುಚ್ಚಿದರೆ ಊರೂ ಮುಳುಗುತ್ತದೆ. ಹುಣಸೂರಿನಲ್ಲಿ ಹಾಗಾಗಲಿಲ್ಲ ಎಂಬುದೇ ನಮ್ಮ ಗಮನ ಸೆಳೆಯುವ ಸಂಗತಿ. ಕಾರ್ಖಾನೆ ಹೋಯಿತು, ಕಲಿತ ಕೈಗಳು ಉಳಿದವು. ಅವರು ಸ್ವಂತವಾಗಿ ಅದೇ ಕಸುಬನ್ನು ಮುಂದುವರಿಸಿದರು ಎಂದು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಹುಣಸೂರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಗಾಡಿಗಳು ತಯಾರಾಗುತ್ತಿದ್ದವು.

ಗಾಡಿ ಮಾಡುವುದು ಒಬ್ಬನ ಕೆಲಸವಲ್ಲ. ಕಾಡಿನಿಂದ ಮರ ತರುವವರು, ಕೊಯ್ಯುವವರು, ಚಕ್ರದ ಗುಂಬ ಕಡೆಯುವ ಬಡಗಿ, ಅದಕ್ಕೆ ಕಾಲುಗಳನ್ನು ಕೂರಿಸುವವನು, ಕಬ್ಬಿಣದ ಹಳಿ ಬಡಿಯುವ ಕಮ್ಮಾರ, ನೊಗಕ್ಕೆ ಮಿಣಿ ಮಾಡುವ ಚರ್ಮದ ಕಸುಬಿನವರು, ಎತ್ತಿನ ಕಾಲಿಗೆ ಲಾಳ ಕಟ್ಟುವವರು ಎಲ್ಲರೂ ಸೇರಿದರೆ ಒಂದು ಗಾಡಿ. ಬಡಗಿ, ಕಮ್ಮಾರರು ಆಚಾರಿಗಳು. ಚರ್ಮದ ಕೆಲಸ ದಲಿತರದು. ಕಂಬಳಿ ಕುರುಬರದು. ಹಳೆ ಮೈಸೂರಿನ ಸಂತೆಗಳಲ್ಲಿ ಲಾಳ ಕಟ್ಟುವವರಲ್ಲಿ, ಚರ್ಮದ ವ್ಯಾಪಾರಿಗಳಲ್ಲಿ, ಬಾಡಿಗೆ ಗಾಡಿ ಹೊಡೆಯುವವರಲ್ಲಿ ಮುಸ್ಲಿಮರು ಬಹಳ ಜನ.

ಚಕ್ರಕ್ಕೆ ಹಳಿ ಕೂರಿಸುವುದನ್ನು ನೋಡಿದವರು ಅದನ್ನು ಮರೆಯಲಾರರು. ಕಬ್ಬಿಣದ ಬಳೆಯನ್ನು ಚಕ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಮಾಡಿರುತ್ತಾರೆ. ಬೆರಣಿ ಸೌದೆಗಳನ್ನು ಸುತ್ತ ಒಟ್ಟಿ ಬೆಂಕಿ ಹಾಕಿ ಅದನ್ನು ಕೆಂಪಗೆ ಕಾಸುತ್ತಾರೆ. ಕಾದ ಬಳೆ ಹಿಗ್ಗುತ್ತದೆ. ಮೂರು ನಾಲ್ಕು ಜನ ಇಕ್ಕಳದಿಂದ ಒಟ್ಟಿಗೆ ಎತ್ತಿ ಚಕ್ರದ ಮೇಲೆ ಇಳಿಸುತ್ತಾರೆ. ಮರ ಹೊತ್ತಿಕೊಳ್ಳುವ ಮೊದಲೇ ಬಡಿದು ಕೂರಿಸಿ ನೀರು ಸುರಿಯುತ್ತಾರೆ. ಚುರ್ರೆಂದು ಹಬೆ ಏಳುತ್ತದೆ. ತಣಿದ ಕಬ್ಬಿಣ ಕುಗ್ಗಿ, ಬಿಡಿಯಾಗಿದ್ದ ಮರದ ತುಂಡುಗಳನ್ನೆಲ್ಲ ಬಿಗಿದು ಒಂದು ಚಕ್ರವನ್ನಾಗಿ ಮಾಡುತ್ತದೆ. ಆ ಹೊತ್ತಿನಲ್ಲಿ ಒಬ್ಬ ತಡಮಾಡಿದರೂ ಚಕ್ರ ಕೆಟ್ಟಿತು. ಪಕ್ಕದವನ ಜಾತಿ ಮತ ಕೇಳಲು ಪುರುಸೊತ್ತು ಇಲ್ಲದ ಕೆಲಸ ಅದು.

ಹಾಗೆಂದು ಅಂದು ಎಲ್ಲವೂ ಸರಿಯಿತ್ತು ಎಂದು ನಾವು ಹೇಳುತ್ತಿಲ್ಲ. ಚರ್ಮ ಹದ ಮಾಡುವವನನ್ನು ಊರ ಹೊರಗೆ ಇಟ್ಟಿದ್ದ ಸಮಾಜವೇ ಅವನ ಮಿಣಿಯಿಂದ ನೊಗ ಕಟ್ಟುತ್ತಿತ್ತು. ದುಡಿಮೆ ಒಟ್ಟಿಗೆ ನಡೆಯಿತು, ಊಟ ಒಟ್ಟಿಗೆ ನಡೆಯಲಿಲ್ಲ. ಆ ಊರಿನ ಪರಂಪರೆ ಎಂದು ಮಾತಾಡುವಾಗ ಇದನ್ನೂ ಸೇರಿಸಿಯೇ ಹೇಳಬೇಕು.

ಇದೇ ಹೊತ್ತಿಗೆ ಕೊಡಗಿನಲ್ಲಿ ಕಾಫಿ ತೋಟಗಳು ಹರಡಿದವು. ಇಂಗ್ಲಿಷ್ ಕಂಪನಿಯೊಂದು ಹುಣಸೂರಿನಲ್ಲಿ ದೊಡ್ಡ ಕಾಫಿ ಸಂಸ್ಕರಣಾ ಕಾರ್ಖಾನೆ ನಡೆಸಿತು. ಕೊಡಗು ಮತ್ತು ದಕ್ಷಿಣ ಮೈಸೂರಿನ ಕಾಫಿ ಇಲ್ಲಿಗೆ ಗಾಡಿಗಳಲ್ಲಿ ಬಂದು, ಹದಗೊಂಡು, ಯೂರೋಪಿನ ಮಾರುಕಟ್ಟೆಗೆ ಹೋಗುತ್ತಿತ್ತು. ಲಂಡನ್ನಿನಲ್ಲಿ ಕಾಫಿ ಹೀರಿದವನಿಗೆ ಹುಣಸೂರಿನ ಗಾಡಿಯವನ ಹೆಸರು ಗೊತ್ತಿರಬೇಕಾಗಿರಲಿಲ್ಲ. ನಮಗಾದರೂ ಗೊತ್ತಿರಬೇಕಿತ್ತು.

ಕಾರಾಪುರದ ಹುಡುಗ

ಹುಣಸೂರಿನಿಂದ ದಕ್ಷಿಣಕ್ಕೆ ಹೋದರೆ ಹೆಗ್ಗಡದೇವನಕೋಟೆ. ಅದರಾಚೆ ಕಾಕನಕೋಟೆಯ ಕಾಡು. 1891ರಿಂದ ಆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾಗಳು ನಡೆದವು. ರಾಜಮಹಾರಾಜರು, ವೈಸರಾಯಿಗಳು ಎತ್ತರದ ಮಂಚಿಕೆಯಲ್ಲಿ ಕುಳಿತು ನೋಡುವ ದೊಡ್ಡ ಪ್ರದರ್ಶನವದು. ಕಬಿನಿ ಹೊಳೆಯೊಳಕ್ಕೆ ಕಾಡಾನೆಗಳ ಹಿಂಡನ್ನು ಅಟ್ಟಿ ತಂದು ದೊಡ್ಡಿಗೆ ಸೇರಿಸುವ ಪ್ರಾಣಾಪಾಯದ ಕೆಲಸ ಮಾಡಿದವರು ಕಾಡನ್ನು ಬಲ್ಲ ಜೇನುಕುರುಬರು, ಬೆಟ್ಟಕುರುಬರು ಮತ್ತು ಮಾವುತರು. ಮಾವುತರಲ್ಲಿ ಮುಸ್ಲಿಮರೂ ಜೇನುಕುರುಬರೂ ಇದ್ದರು. ಇಂದಿಗೂ ಮೈಸೂರು ದಸರಾದ ಆನೆಗಳನ್ನು ನಡೆಸುವವರು ಹೆಚ್ಚಾಗಿ ಈ ಎರಡು ಸಮುದಾಯಗಳವರೇ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ ನಾವು ಆನೆಯನ್ನು ನೋಡುತ್ತೇವೆ, ಅದರ ಕುತ್ತಿಗೆಯ ಮೇಲೆ ಕುಳಿತವನನ್ನು ನೋಡುವುದಿಲ್ಲ.

ಹಾಗೆ ಕುತ್ತಿಗೆಯ ಮೇಲೆ ಕುಳಿತಿದ್ದ ಒಬ್ಬ ಹುಡುಗನನ್ನು ಮಾತ್ರ ಜಗತ್ತು ನೋಡಿತು. ಕಾಕನಕೋಟೆ ಕಾಡಿನಂಚಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನೊಬ್ಬನ ಮಗ ಸಾಬು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಆತ ಮಹಾರಾಜರ ಆನೆಲಾಯದಲ್ಲಿ ಬೆಳೆಯುತ್ತಿದ್ದಾಗ, ಸಾಕ್ಷ್ಯಚಿತ್ರಗಳಿಗೆ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರ ಅವನನ್ನು ಲಂಡನ್ನಿಗೆ ಒಯ್ದಿತು. ‘ದ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳು ಅವನನ್ನು ಹಾಲಿವುಡ್ಡಿನ ತಾರೆಯನ್ನಾಗಿ ಮಾಡಿದವು. ಎರಡನೆಯ ಮಹಾಯುದ್ಧದಲ್ಲಿ ಆತ ಅಮೆರಿಕದ ವಾಯುಪಡೆಯಲ್ಲಿ ದುಡಿದ. 1963ರಲ್ಲಿ, ನಲವತ್ತು ತುಂಬುವ ಮೊದಲೇ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಹಾಲಿವುಡ್ಡಿನ ರಸ್ತೆಯ ಕಲ್ಲಿನಲ್ಲಿ ಅವನ ಹೆಸರಿದೆ. ಕಬಿನಿ ತೀರದ ರೆಸಾರ್ಟುಗಳಿಗೆ ಹುಲಿ ನೋಡಲು ಬರುವವರಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು?

ಖೆಡ್ಡಾ ಎಂಬುದು ಆನೆಗಳ ಪಾಲಿಗೆ ಕ್ರೂರವಾದದ್ದು. ಅದು 1971ರಲ್ಲಿ ಕೊನೆಗೊಂಡದ್ದು ಒಳ್ಳೆಯದೇ ಆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಖೆಡ್ಡಾ ನಡೆದ ಜಾಗವೂ, ಅನೇಕ ಹಳ್ಳಿಗಳೂ ಹಿನ್ನೀರಿನಲ್ಲಿ ಮುಳುಗಿದವು. ಕಾಡು ರಕ್ಷಿತವಾಯಿತು. ಕಾಡನ್ನು ಬಲ್ಲ ಜನ ಕಾಡಿನಿಂದ ಹೊರಗಾದರು.

ಸ್ಥಳ ಬದಲಿಸಿದ ಊರುಗಳು

ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯೇ ಬಂದು ಹೋಗುವವರ ಚರಿತ್ರೆ. ಕಾವೇರಿ ದಂಡೆಯ ಯಡತೊರೆ ಪ್ರವಾಹಕ್ಕೆ ಸಿಕ್ಕಿ ನಲುಗಿದಾಗ 1920ರ ದಶಕದಲ್ಲಿ ಸಮೀಪದಲ್ಲೇ ಹೊಸ ಊರು ಎದ್ದಿತು. ನಾಲ್ವಡಿಯವರ ಹೆಸರಿನಿಂದ ಅದು ಕೃಷ್ಣರಾಜನಗರವಾಯ್ತು. ಹಳೆಯ ಅರ್ಕೇಶ್ವರನ ಗುಡಿ ಹೊಳೆಯ ಬಳಿಯೇ ಉಳಿಯಿತು. ಅದೇ ತಾಲ್ಲೂಕಿನ ಕಪ್ಪಡಿಯಲ್ಲಿ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಗದ್ದುಗೆಗೆ ಹಲವು ಜಾತಿಗಳ ಒಕ್ಕಲು ನಡೆದುಕೊಳ್ಳುತ್ತಾರೆ. ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಕೂಡುತ್ತದೆ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಟಿಬೆಟಿನ ನಿರಾಶ್ರಿತರಿಗೆ ನೆಲೆಯಾಯಿತು. ಬಂದವರಿಗೆ ಈ ಸೀಮೆ ಜಾಗ ಕೊಟ್ಟಿದೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1952ರಲ್ಲಿ ಇದೇ ಹುಣಸೂರಿನಿಂದ ಶಾಸಕರಾಗಿ, 1972ರಲ್ಲಿ ಮುಖ್ಯಮಂತ್ರಿಯಾದರು. ಉಳುವವನಿಗೆ ಭೂಮಿ, ಹಿಂದುಳಿದವರಿಗೆ ಮೀಸಲಾತಿ ಎಂಬ ಅವರ ಕೆಲಸಗಳನ್ನು ನಾಡು ಬಲ್ಲದು. ಗಾಡಿ ಕಟ್ಟುವವರು, ಕಂಬಳಿ ನೇಯುವವರು, ಲಾಳ ಹೊಡೆಯುವವರು ತುಂಬಿದ್ದ ಸೀಮೆಯಿಂದ ಬಂದವರು ಅವರು. ಕೈಕಸುಬಿನ ಜಾತಿಗಳ ಲೆಕ್ಕ ಹಿಡಿದವರು ಇಂಥ ಊರಿನವರೇ ಆಗಿದ್ದದ್ದು ನಮಗೆ ಆಶ್ಚರ್ಯವೆನಿಸುವುದಿಲ್ಲ.

ಹೆಸರಿನ ಜಗಳ, ಹುಲ್ಲಿನ ಚಿಂತೆ

2022ರ ಅಕ್ಟೋಬರಿನಲ್ಲಿ ಬೆಂಗಳೂರು ಮೈಸೂರು ನಡುವೆ ಓಡುವ ಟಿಪ್ಪು ಎಕ್ಸ್‌ಪ್ರೆಸ್ ರೈಲಿನ ಹೆಸರನ್ನು ಒಡೆಯರ್ ಎಕ್ಸ್‌ಪ್ರೆಸ್ ಎಂದು ಬದಲಾಯಿಸಿದರು. ಕೆಲವರು ಸಂಭ್ರಮಿಸಿದರು, ಕೆಲವರು ನೊಂದರು. ಒಡೆಯರ ಹೆಸರನ್ನು ಒಂದು ರೈಲಿಗೆ ಇಡುವುದಕ್ಕೆ ನಮ್ಮ ತಕರಾರಿಲ್ಲ. ಈ ನಾಡಿಗೆ ಅವರು ಮಾಡಿದ್ದು ಸಣ್ಣದಲ್ಲ. ಆದರೆ ಅವರಿಗೆ ಗೌರವ ಕೊಡಬೇಕಾದರೆ ಇನ್ನೊಬ್ಬನ ಹೆಸರನ್ನು ಕೀಳಲೇಬೇಕು ಎಂಬ ಭಾವನೆ ಎಲ್ಲಿಂದ ಬಂತು? ಸ್ವತಃ ಒಡೆಯರು ಅಮೃತ ಮಹಲನ್ನು ಮರಳಿ ಪಡೆದಾಗ ಹಾಗೆ ಮಾಡಲಿಲ್ಲವಲ್ಲ.

ಚಿಕ್ಕದೇವರಾಜ ಇಲ್ಲದೆ ಟಿಪ್ಪುವಿಗೆ ಹಿಂಡಿಲ್ಲ. ಟಿಪ್ಪುವಿನ ಹುಕುಂನಾಮೆಯಿಲ್ಲದೆ ಆ ಹಿಂಡಿಗೆ ಅಂಥ ಕೀರ್ತಿಯಿಲ್ಲ. ಇವರಿಬ್ಬರ ನಡುವೆ ನಿಂತು ಬಿಸಿಲು ಮಳೆಯಲ್ಲಿ ದನ ಕಾದ ಸೇರ್ವೆಗಾರನಿಲ್ಲದೆ ಯಾರಿಗೂ ಏನೂ ಇಲ್ಲ. ಮೈಸೂರಿನ ಚರಿತ್ರೆಯನ್ನು ಕೊಯ್ದು ಎರಡು ಪಾಲು ಮಾಡುವವರು ಹಸುವನ್ನೇ ಎರಡು ಪಾಲು ಮಾಡಬೇಕಾಗುತ್ತದೆ.

ಹೆಸರಿನ ಜಗಳ ನಡೆಯುತ್ತಿರುವಾಗ ಆ ಹಸುವಿನ ಗತಿಯೇನಾಗಿದೆ? 1929ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಈ ತಳಿಯನ್ನು ಕಾಪಾಡಿಕೊಂಡು ಬಂದಿದೆ. ಆದರೆ ಹಿಂದಿನ ದೊಡ್ಡ ಹಿಂಡುಗಳು ಈಗಿಲ್ಲ. ಟ್ರ್ಯಾಕ್ಟರು, ಲಾರಿಗಳು ಬಂದ ಮೇಲೆ ಓಟದ ಎತ್ತು ಯಾರಿಗೂ ಬೇಡವಾಯಿತು. ಹಾಲು ಕಡಿಮೆ ಕೊಡುವ ಈ ಹಸುವನ್ನು ಸಾಕಲು ರೈತ ಹಿಂಜರಿಯುತ್ತಾನೆ. ಕಾವಲುಗಳಲ್ಲಿ ಬಹುಪಾಲು ಒತ್ತುವರಿಗೆ, ಹಂಚಿಕೆಗೆ, ಯೋಜನೆಗಳಿಗೆ ಹೋಗಿವೆ. 2000ದ ದಶಕದ ಕೊನೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿನ ಕುರಿಗಾಹಿಗಳು, ಕಂಬಳಿ ನೇಕಾರರು ಮೇವಿಗಾಗಿ ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಗೋವಿನ ಹೆಸರಿನಲ್ಲಿ ಬೀದಿಯಲ್ಲಿ ಕೂಗಾಡುವವರ ದೊಡ್ಡ ದನಿ ಆ ಹುಲ್ಲಿಗಾಗಿ ಕೇಳಿಬರಲಿಲ್ಲ.

ಹುಣಸೂರಿನಲ್ಲಿ ಇಂದು ಗಾಡಿಯ ಜಾಗದಲ್ಲಿ ಟ್ರ್ಯಾಕ್ಟರಿದೆ. ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು, ಹೊಲದ ಅಂಚಿನಲ್ಲಿ ಸೊಪ್ಪು ಬೇಯಿಸುವ ಬ್ಯಾರನ್. ಕಾಲ ಬದಲಾಗಬಾರದೆಂದು ಯಾರೂ ಹೇಳಲಾರರು. ಎತ್ತಿನ ಗಾಡಿಯ ಕಾಲಕ್ಕೆ ಮರಳೋಣ ಎಂಬುದು ನಮ್ಮ ಮಾತಲ್ಲ. ಲೊಕ್ರೊನಾನಿನವರು ಕೂಡ ಹಾಯಿ ಹಡಗಿನ ಕಾಲಕ್ಕೆ ಮರಳಲಿಲ್ಲ. ತಮ್ಮ ಅಜ್ಜಂದಿರು ಏನು ಮಾಡುತ್ತಿದ್ದರು ಎಂಬುದನ್ನು ಮೊಮ್ಮಕ್ಕಳಿಗೆ ಹೇಳುವ ವ್ಯವಸ್ಥೆಯನ್ನಷ್ಟೇ ಮಾಡಿಕೊಂಡರು.

ನಾವೂ ಅಷ್ಟು ಮಾಡಬಹುದು. ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ಹುಣಸೂರಿನ ಶಾಲೆಯ ಮಕ್ಕಳು ತಮ್ಮ ಬೀದಿಯ ಹಿರಿಯ ಬಡಗಿಯನ್ನು, ಲಾಳ ಕಟ್ಟುತ್ತಿದ್ದ ಅಜ್ಜನನ್ನು, ಕಂಬಳಿ ನೇಯ್ದ ಅಜ್ಜಿಯನ್ನು ಮಾತಾಡಿಸಿ ಬರೆದಿಡಬಹುದು. ಮನೆಯ ಅಟ್ಟದಲ್ಲಿರುವ ಹಳೆ ನೊಗವನ್ನು, ಗುಂಬವನ್ನು ಸೌದೆಗೆ ಹಾಕದೆ ಶಾಲೆಗೆ ಕೊಡಬಹುದು. ಕಾರಾಪುರದಲ್ಲಿ ಸಾಬುವಿನ ಹೆಸರಿನ ಒಂದು ಸಣ್ಣ ಫಲಕ ನಿಲ್ಲಿಸಬಹುದು. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರೊಂದಿಗೆ ಆ ಮಾತುಗಳೂ ಹೋಗುತ್ತವೆ.

ಮುಂದಿನ ಸಲ ಬಸ್ಸು ಹುಣಸೂರಿನಲ್ಲಿ ನಿಂತಾಗ ಚಹಾ ಕುಡಿದು ಹತ್ತುವ ಮೊದಲು ಒಮ್ಮೆ ಆ ದಾರಿಯ ಕವಲನ್ನು ನೋಡೋಣ. ಅಲ್ಲಿ ಒಡೆಯರ ಎತ್ತು ನಡೆದಿದೆ, ಸುಲ್ತಾನನ ಎತ್ತು ನಡೆದಿದೆ, ಕಂಪನಿಯ ಎತ್ತೂ ನಡೆದಿದೆ. ಮೂರೂ ಒಂದೇ ಎತ್ತು. ಅದನ್ನು ಮೇಯಿಸಿದವರು, ಅದಕ್ಕೆ ಗಾಡಿ ಕಟ್ಟಿದವರು ನಮ್ಮ ನಿಮ್ಮ ಮನೆಯ ಹಿರಿಯರು.